ಅರ್ಧಕ್ಕೆ ನಿಲ್ಲಲೊಪ್ಪದ ಆಮ್ಲಜನಕದವರಿಗೆ

ಗಾಳಿಯಲ್ಲಿ ಐದನೇ ಒಂದು ಪಾಲಿನ ಹಕ್ಕುದಾರರೂ, ಒಲೆ, ದೀಪ ಮತ್ತು ಶ್ವಾಸಕೋಶಗಳ ಪೋಷಕರೂ, ತುಕ್ಕಿನ ಮೂಲಪುರುಷರೂ ಆದ ಶ್ರೀಮದ್ ಆಮ್ಲಜನಕದವರಿಗೆ, ಮಾಗಡಿ ತಾಲ್ಲೂಕು ಕುದೂರಿನ ನಿವೃತ್ತ ವಿಜ್ಞಾನ ಮೇಷ್ಟ್ರು ಅನಂತರಾಜು ಉಸಿರು ಬಿಗಿಹಿಡಿದು ಮಾಡುವ ನಮಸ್ಕಾರಗಳು.

ಮಾನ್ಯರೇ,

ಇದೇ ಮಾರ್ಚ್ ಹನ್ನೊಂದರ ಮಂಗಳವಾರ ಬೆಳಗ್ಗೆ ಹನ್ನೊಂದೂವರೆಗೆ, ರಾಮನಗರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ, ನನ್ನ ತಮ್ಮನ ಮಗಳು ರಮ್ಯಾ ಎರಡು ವರ್ಷ ಕಷ್ಟಪಟ್ಟು ಕಟ್ಟಿದ್ದ ಉಪಕರಣದೊಳಗೆ ಬಿಟ್ಟಿದ್ದ ನೈಸರ್ಗಿಕ ಅನಿಲವನ್ನು ತಾವು ಬೂದಿಯೂ ಉಳಿಯದಂತೆ ಸುಟ್ಟುಬಿಟ್ಟಿರಿ. ಒಮ್ಮೆ ಆದದ್ದಾಗಿದ್ದರೆ ಮರೆವು ಎನ್ನಬಹುದಿತ್ತು. ಅದಾದ ಮೇಲೆ ಇನ್ನೂ ಎಂಟು ಸಲ ಅದನ್ನೇ ಮಾಡಿದಿರಿ.

ಇದು ಬಹಿರಂಗ ಪತ್ರವಾದ್ದರಿಂದ, ತಮಗೆ ಗೊತ್ತಿರುವುದನ್ನೇ ಉಳಿದವರಿಗಾಗಿ ಹೇಳಬೇಕಾಗಿದೆ. ಬಿಡದಿ ಕಡೆಗೆ ನೆಲದಡಿಯ ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲವನ್ನು ನಾವು ಉರಿಸುತ್ತೇವೆ, ಅಲ್ಲಿಗೆ ಅದರ ಕಥೆ ಮುಗಿಯಿತು. ಹಾಗೆ ಉರಿಸದೆ, ತಮ್ಮಿಂದ ಒಂದೇ ಒಂದು ಪರಮಾಣುವನ್ನು ಅದಕ್ಕೆ ಕೊಡಿಸಿದರೆ ಮೆಥನಾಲ್ ಎಂಬ ದ್ರವವಾಗುತ್ತದೆ. ಬಣ್ಣಕ್ಕೆ, ಅಂಟಿಗೆ, ಪ್ಲೈವುಡ್ಡಿಗೆ, ಇಂಧನಕ್ಕೆ ಅದು ಬೇಕು. ಈಗಲೂ ಅದನ್ನು ಮಾಡುವವರಿದ್ದಾರೆ, ಆದರೆ ದೊಡ್ಡ ಕುಲುಮೆ, ದೊಡ್ಡ ಒತ್ತಡ, ಸುತ್ತುಬಳಸಿನ ದಾರಿ. ನೇರ ದಾರಿಯಲ್ಲಿ ಮಾಡಿಸಲು ರಮ್ಯಾ ಒಂದು ವೇಗವರ್ಧಕ ತಯಾರಿಸಿದ್ದಾಳೆ: ಬಿಳಿ ಪುಡಿಗೆ ಒಂದಿಷ್ಟು ತಾಮ್ರ ಕೂರಿಸಿ, ಹಿಟ್ಟಿನಂತೆ ಕಲಸಿ, ಕಾಳು ಮಾಡಿ ಸುಟ್ಟದ್ದು. ವೇಗವರ್ಧಕವೆಂದರೆ ಕೆಲಸವನ್ನು ಚುರುಕು ಮಾಡುವ ವಸ್ತು ಎಂದು ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ತಮ್ಮ ವಿಷಯದಲ್ಲಿ ಚುರುಕು ಯಾರಿಗೂ ಬೇಕಾಗಿಲ್ಲ. ಅರ್ಧಕ್ಕೆ ನಿಲ್ಲಿಸುವುದು ಬೇಕಾಗಿದೆ. ರಮ್ಯಾಳ ತಾಯಿ ಶಿವಲಿಂಗಮ್ಮ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವಳು. ನಾನು ಇದನ್ನೆಲ್ಲ ಬಿಡಿಸಿ ಹೇಳಿದಾಗ, "ಇಷ್ಟೇಯಾ ಭಾವ? ಗೂಡು ಬೇಯ್ಸಕ್ಕೆ ಯಾರಿಗ್ ಬರಕಿಲ್ಲ, ಎತ್ತೋ ಹೊತ್ತು ಗೊತ್ತಿರ್ಬೇಕು. ಒಸಿ ತಡ ಆಯ್ತೋ, ನೂಲಲ್ಲ, ಗೊಜ್ಜು" ಎಂದು ಒಳಗೆ ಹೋದಳು. ತಮಗೆ ಇದಕ್ಕಿಂತ ಸ್ಪಷ್ಟವಾಗಿ ಯಾರೂ ಬುದ್ಧಿ ಹೇಳಿರಲಾರರು.

ತಮ್ಮ ಕರ್ತವ್ಯನಿಷ್ಠೆಯ ಬಗ್ಗೆ ನನಗೆ ಅಪಾರ ಗೌರವವಿದೆ. ನನ್ನ ಸೈಕಲ್ಲಿನ ಹ್ಯಾಂಡಲನ್ನು ಒಂದೇ ಮಳೆಗಾಲದಲ್ಲಿ ಕೆಂಪಾಗಿಸಿದಿರಿ, ಡಬ್ಬದ ಕಡಲೆಕಾಯಿ ಎಣ್ಣೆಯನ್ನು ಮುಗ್ಗಲು ಮಾಡಿದಿರಿ, ಹೆಚ್ಚಿಟ್ಟ ಬದನೆಕಾಯಿಯನ್ನು ಒಗ್ಗರಣೆ ಸಿಡಿಯುವುದರೊಳಗೆ ಕಪ್ಪಾಗಿಸಿದಿರಿ, ಅದೂ ಯಾರೂ ಕೇಳದೆ, ಒಂದು ದಿನವೂ ರಜೆ ಹಾಕದೆ. ಆದರೆ ಕೇಳಿದಾಗ? ೧೯೮೯ರ ಜುಲೈ ತಿಂಗಳಲ್ಲಿ, ಕನಕಪುರ ತಾಲ್ಲೂಕಿನ ಹಳ್ಳಿ ಶಾಲೆಯೊಂದರಲ್ಲಿ, ಇನ್‌ಸ್ಪೆಕ್ಟರು ಮತ್ತು ಐವತ್ತೆರಡು ಮಕ್ಕಳ ಎದುರು, ಪರ್ಮಾಂಗನೇಟನ್ನು ಕಾಯಿಸಿ ತಮ್ಮನ್ನು ಜಾಡಿಗೆ ಬರಮಾಡಿಕೊಂಡು, ಕೆಂಡವಾಗಿದ್ದ ಊದುಕಡ್ಡಿಯನ್ನು ಒಳಗಿಳಿಸಿದೆ. ಅದು ಧಗ್ಗನೆ ಹೊತ್ತಿಕೊಳ್ಳಬೇಕಿತ್ತು. ಹೊಗೆಯಾಡಿ ಆರಿಹೋಯಿತು. ಜಾಡಿಯ ಬಿರಡೆ ಸಡಿಲವಿತ್ತೆಂದು ಹೆಡ್‌ಮಾಸ್ಟರು ಹೇಳಿದ್ದು ಬೇರೆ ವಿಚಾರ. ಉರಿಸಿ ಎಂದು ಬೇಡಿಕೊಂಡ ದಿನ ಕೈಕೊಟ್ಟವರು, ಬೇಡವೆಂದ ದಿನ ಒಂಬತ್ತು ಸಲ ಉರಿಸಿದಿರಲ್ಲ, ಇದು ಯಾವ ನ್ಯಾಯ?

ತಮಗೆ ನಿಲ್ಲಲು ಬರುವುದೇ ಇಲ್ಲ ಎಂದೂ ಹೇಳುವಂತಿಲ್ಲ. ಫೆಬ್ರವರಿ ಇಪ್ಪತ್ತರಂದು ತಾವು ನಿಂತಿದ್ದೀರಿ, ಸಾಕ್ಷಿಯಿದೆ. ಕಾಳು ಮಾಡುವ ಯಂತ್ರ ಕೆಟ್ಟಿತ್ತು. ನನ್ನ ಹಳೇ ವಿದ್ಯಾರ್ಥಿ, ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ರಸೂಲ್, ಅಂಗೈಯಗಲದ ಒಂದು ಮರದ ಶಾವಿಗೆ ಒರಳನ್ನು ಕಡೆದುಕೊಟ್ಟ. ಅವನ ಲೇತಿನ ಪಕ್ಕದಲ್ಲೇ ಪುಡಿಯ ಡಬ್ಬ ತೆರೆದಿಟ್ಟುಕೊಂಡು ಕೂತು, ಬೇಕಾದಷ್ಟನ್ನು ಕಲಸಿ ಒತ್ತಿದೆವು. "ಏನ್ ಸಾರ್, ಸೈನ್ಸು ಸೈನ್ಸು ಅಂತ ನಮ್ಗೆ ಬೆತ್ತದ ರುಚಿ ತೋರ್ಸಿ, ಕೊನೆಗೆ ನೀವು ಕಲ್ತಿದ್ದು ಶಾವ್ಗೆ ಒತ್ತೋದಾ?" ಎಂದು ಆತ ನಗುತ್ತಲೇ ಇದ್ದ. ಆ ಶಾವಿಗೆಯನ್ನು ತುಂಡರಿಸಿ, ಕುಲುಮೆಯಲ್ಲಿ ಸುಟ್ಟು, ಉಪಕರಣಕ್ಕೆ ತುಂಬಿ ಅನಿಲವನ್ನೂ ತಮ್ಮನ್ನೂ ಜೊತೆಯಾಗಿ ಒಳಗೆ ಬಿಟ್ಟಾಗ, ಗಾಜಿನ ಕೊಳವೆಯ ತುದಿಯಲ್ಲಿ ಹನ್ನೊಂದು ಹನಿ ಮೆಥನಾಲ್ ಬಿತ್ತು. ನಾನು ಬಗ್ಗಿ ಮೂಸಲು ಹೋದೆ. "ದೊಡ್ಡಪ್ಪಾ, ಅದು ವಿಷ!" ಎಂದು ರಮ್ಯಾ ನನ್ನ ಅಂಗಿಯ ಕಾಲರು ಹಿಡಿದು ಎಳೆದಳು. ಎಳೆಯುವಾಗಲೂ ನಗುತ್ತಿದ್ದಳು. ಆಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿಲ್ಲ.

ಏಕೆಂದರೆ ಪರಿಶೀಲನಾ ಸಮಿತಿ ಬರುತ್ತಿದೆ. ಇದೇ ಇಪ್ಪತ್ತೆಂಟರಂದು ಮೂವರು ದೊಡ್ಡವರ ಎದುರು ಆ ಹನಿಗಳು ಮತ್ತೆ ಬೀಳಬೇಕು. ಬೀಳದಿದ್ದರೆ ಯೋಜನೆ ಮುಚ್ಚುತ್ತದೆ, ಉಪಕರಣ ಬೇರೆಯವರ ಪಾಲಾಗುತ್ತದೆ. ಒಂಬತ್ತನೇ ಸಲ ಕೊಳವೆಯ ತುದಿಯ ಸುಣ್ಣದ ತಿಳಿನೀರು ಹಾಲಿನಂತೆ ಬೆಳ್ಳಗಾದಾಗ, ಅಂದರೆ ತಾವು ಎಲ್ಲವನ್ನೂ ಸುಟ್ಟು ಇಂಗಾಲದ ಡೈಆಕ್ಸೈಡ್ ಮಾಡಿಟ್ಟಿದ್ದೀರೆಂದು ಖಚಿತವಾದಾಗ, ರಮ್ಯಾ ಸಮಿತಿಗೆ ಒಂದು ಪತ್ರ ಬರೆದಳು: ಮೊದಲ ಫಲಿತಾಂಶ ನನ್ನ ಅಳತೆಯ ತಪ್ಪಿರಬಹುದು, ಕ್ಷಮಿಸಿ. ಆ ಪತ್ರವನ್ನು ಅವಳು ಇನ್ನೂ ಕಳಿಸಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳನ್ನು ಮಾಡುವವನಿದ್ದೆ. ತಾವು ಯಾವಾಗಲೂ ಇಬ್ಬಿಬ್ಬರಾಗಿಯೇ ಓಡಾಡುವವರು. ಇಪ್ಪತ್ತೆಂಟರಂದು ದಯವಿಟ್ಟು ಒಬ್ಬರು ಮಾತ್ರ ಒಳಗೆ ಬಂದು, ಇನ್ನೊಬ್ಬರು ಚಪ್ಪಲಿ ಕಾಯುತ್ತಾ ಹೊರಗೆ ನಿಲ್ಲಬೇಕು. ಮೆಥನಾಲ್ ಆದೊಡನೆ ಎಲೆಯ ಮುಂದಿನಿಂದ ಏಳುವ ಸಂಭಾವಿತರಂತೆ ಕೈತೊಳೆದು ಹೊರಡಬೇಕು. ಅದೂ ಆಗದಿದ್ದರೆ ಆ ದಿನ ಹನ್ನೊಂದರಿಂದ ಮೂರರವರೆಗೆ ರಜೆ ಹಾಕಬೇಕು. ಜಿಲ್ಲೆಯ ಜನ ಅಷ್ಟು ಹೊತ್ತು ಹೇಗೋ ಸುಧಾರಿಸಿಕೊಳ್ಳುತ್ತಾರೆ.

ಹೀಗೆ ಬರೆದು ಲಕೋಟೆಗೆ ಅಂಟು ಹಚ್ಚುವುದರಲ್ಲಿದ್ದೆ. ಕಳೆದ ಭಾನುವಾರ ಒರಳನ್ನು ಹಿಂತಿರುಗಿಸಲು ರಮ್ಯಾಳೊಂದಿಗೆ ಚನ್ನಪಟ್ಟಣಕ್ಕೆ ಹೋದೆ. ರಸೂಲ್ ಮುಖ ಸಪ್ಪಗೆ ಮಾಡಿಕೊಂಡಿದ್ದ. "ಯಾಕ್ ಸಾರ್, ಎರಡ್ನೇ ಸಲ ನಮ್ಮಲ್ಲಿಗೆ ಬರ್ಲೇ ಇಲ್ಲ? ನಮ್ ಲೇತಿನ ಹೊಟ್ಟು ನಿಮ್ ಔಷ್ದಿಗೆ ಬಿತ್ತು ಅಂತ ಬೇಜಾರಾ? ಹೊಟ್ಟಿಲ್ದೆ ಮರ ಕಡೆಯಕ್ಕಾಯ್ತದಾ?"

ರಮ್ಯಾ ಕೈಯಲ್ಲಿದ್ದ ಒರಳನ್ನು ತಿರುಗಿಸಿ ಅದರ ತೂತುಗಳನ್ನು ನೋಡಿದಳು. ಆಮೇಲೆ ನಿಧಾನವಾಗಿ, ತನಗೆ ತಾನೇ ಹೇಳಿಕೊಳ್ಳುವಂತೆ ಹೇಳಿದಳು. ಪುಡಿಯಲ್ಲಿ ಸೇರಿದ ಮರದ ಹೊಟ್ಟು ಕುಲುಮೆಯಲ್ಲಿ ಉರಿದುಹೋಗುತ್ತದೆ. ಅದಿದ್ದ ಜಾಗ ತೂತಾಗಿ ಉಳಿಯುತ್ತದೆ. ಕಾಳಿನೊಳಗೆ ಹುಟ್ಟಿದ ಮೆಥನಾಲ್ ಆ ತೂತುಗಳಿಂದ, ತಾವು ಎರಡನೇ ಸಲ ಕೈಹಾಕುವ ಮೊದಲೇ, ಹೊರಗೆ ಜಾರಿಕೊಳ್ಳುತ್ತದೆ. "ಆದ್ರೆ ಅದೇ ಡಬ್ಬದ ಪುಡೀನೇ ತಾನೇ ಎರಡನೇ ಸಲಾನೂ ಬಳಸಿದ್ದು, ದೊಡ್ಡಪ್ಪ? ಅದರಲ್ಲೂ ಹೊಟ್ಟಿತ್ತಲ್ಲ?"

ಮಾನ್ಯರೇ, ಇತ್ತು. ಸಮಿತಿ ಬರುತ್ತದೆಂದು ತಿಳಿದ ಸಂಜೆಯೇ ಹೊಸ ಕಾಳು ಒತ್ತಲು ನಾನು ಆ ಡಬ್ಬವನ್ನೂ ಒರಳನ್ನೂ ಕುದೂರಿಗೆ ತಂದಿದ್ದೆ. ಮುಚ್ಚಳ ತೆಗೆದಾಗ ಬಿಳಿ ಪುಡಿಯಲ್ಲಿ ಕಂದು ಕಂದು ಚೂರುಗಳು ಕಂಡವು. ವಿಜ್ಞಾನವೆಂದರೆ ಶುಚಿ ಎಂದು ಮೂವತ್ತೊಂದು ವರ್ಷ ಪಾಠ ಮಾಡಿದ ಕೈ ಸುಮ್ಮನಿರಲಿಲ್ಲ. ಒರಳನ್ನು ಮೂರು ಸಲ ಬಿಸಿನೀರಿನಲ್ಲಿ ತೊಳೆದೆ. ಮಲ್ಲು ಪಂಚೆಯನ್ನು ಪಾತ್ರೆಯ ಬಾಯಿಗೆ ಬಿಗಿದು ಪುಡಿಯನ್ನು ಸೋಸಿದೆ. ಉಳಿದ ಹೊಟ್ಟನ್ನು ಹಿತ್ತಲಿಗೆ ಕೊಡವಿದೆ. ಕಿಟಕಿ ಬಾಗಿಲು ಮುಚ್ಚಿಕೊಂಡು ಒಬ್ಬನೇ ಕೂತು ಒತ್ತಿದೆ. ಯಾರಿಗೂ ಹೇಳಲಿಲ್ಲ, ಏಕೆಂದರೆ ಶುಚಿ ಮಾಡಿದ್ದನ್ನು ಯಾರು ಹೇಳಿಕೊಳ್ಳುತ್ತಾರೆ? ಒಂಬತ್ತು ಸಲವೂ ತಮ್ಮ ಎದುರಿಗಿದ್ದದ್ದು ಆ ಕಾಳುಗಳೇ.

ಇದನ್ನು ಅಂದು ರಮ್ಯಾಳ ಎದುರು ಹೇಳಲು ನನಗೆ ಬಾಯಿ ಬರಲಿಲ್ಲ. ಅವಳ ಪತ್ರ ಇನ್ನೂ ಮೇಜಿನ ಮೇಲಿದೆ. ಅವಳು ಕೇಳಿರುವ ಕ್ಷಮೆ ನನ್ನದು. ಆದ್ದರಿಂದ ಇಲ್ಲಿ, ಎಲ್ಲರೂ ಓದುವ ಕಡೆ ಹೇಳುತ್ತಿದ್ದೇನೆ: ಪುಡಿ ಸೋಸಿದವನು ನಾನು. ಹೇಗೂ ಒಪ್ಪಿಕೊಳ್ಳಲು ಕೂತಿದ್ದೇನೆ, ಇದನ್ನೂ ಬರೆದುಕೊಳ್ಳಿ: ೧೯೮೯ರಲ್ಲಿ ಬಿರಡೆ ಸಡಿಲವಿತ್ತು.

ಹೊಸ ಕಾಳುಗಳನ್ನು ಮೊನ್ನೆ ರಸೂಲನ ಲೇತಿನ ಪಕ್ಕದಲ್ಲಿ, ಹೊಟ್ಟು ಹಾರುವ ಕಡೆಗೇ ಮುಖಮಾಡಿ ಒತ್ತಿದ್ದೇವೆ. ಕಾಲ ಒಂದೇ ಪ್ರಯೋಗಕ್ಕೆ ಸಾಕಾಗುತ್ತದೆ. ಇಪ್ಪತ್ತೆಂಟರ ಬೆಳಗ್ಗೆ ಹನ್ನೊಂದಕ್ಕೆ ತಮ್ಮನ್ನು ಬರಮಾಡಿಕೊಳ್ಳುತ್ತೇವೆ. ತಮ್ಮ ಮೇಲಿನ ಒಂಬತ್ತು ಆರೋಪಗಳನ್ನೂ ಹಿಂತೆಗೆದುಕೊಂಡಿದ್ದೇನೆ. ಇನ್ನು ಹತ್ತನೆಯದು ಪೂರ್ತಿ ತಮ್ಮದೇ.

ತಮ್ಮನ್ನು ಬಿಟ್ಟು ನಾಲ್ಕು ನಿಮಿಷವೂ ಇರಲಾರದ
ತಮ್ಮ ವಿಶ್ವಾಸಿ,
ಅನಂತರಾಜು, ಕುದೂರು

ಮರೆತ ಮಾತು: ಗಾಳಿಯಲ್ಲಿ ತಮಗಿಂತ ನಾಲ್ಕು ಪಟ್ಟು ಇದ್ದೂ ಯಾರ ತಂಟೆಗೂ ಹೋಗದ ಸಾರಜನಕದವರಿಗೆ ಈ ಪತ್ರದ ಪ್ರತಿಯೊಂದನ್ನು ಕಳಿಸಿದ್ದೇನೆ, ಸಂಭಾವಿತರು ಹೇಗಿರುತ್ತಾರೆಂದು ಬಿಡುವಾದಾಗ ಅವರನ್ನು ಕೇಳಿ ತಿಳಿಯಬಹುದು. ನನ್ನ ಉತ್ತರವನ್ನು ನಾನು ಊರಿನ ಮುಂದೆ ಕೊಟ್ಟಾಗಿದೆ. ತಮ್ಮದನ್ನು ಮೂವರು ಸಮಿತಿಯವರು, ಶಿವಲಿಂಗಮ್ಮ, ರಸೂಲ್ ಮತ್ತು ರಮ್ಯಾಳ ಎದುರು, ಗಾಜಿನ ಕೊಳವೆಯ ತುದಿಯಲ್ಲಿ, ಎಲ್ಲರಿಗೂ ಕಾಣುವಂತೆ, ಹನಿಹನಿಯಾಗಿ ಕೊಡತಕ್ಕದ್ದು.