ಕಾಪಿ ಆಯ್ತಾ, ಮೇಷ್ಟ್ರೇ?

ಸಿಟ್ಟು ಬರುವುದಕ್ಕೆ ನನಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಕಾಫಿ ಬೆಳೆಯುವ ಈ ಚಿಕ್ಕಮಗಳೂರಿನಲ್ಲಿ ಯಾರಾದರೂ ಕಾಫಿಗೆ ‘ಕಾಪಿ’ ಎಂದರೆ ಸಾಕು, ಮೈಯೆಲ್ಲ ಉರಿಯುತ್ತದೆ. ಕನ್ನಡ ಮೇಷ್ಟ್ರಾಗಿದ್ದವನು ನಾನು. ಗಿಡ ನೆಟ್ಟು, ಹಣ್ಣು ಕೊಯ್ದು, ಒಣಗಿಸಿ, ಹುರಿದು ಪುಡಿ ಮಾಡುವಷ್ಟು ತಾಳ್ಮೆಯಿರುವ ಜನಕ್ಕೆ ಒಂದು ಫಕಾರ ಹೇಳುವ ತಾಳ್ಮೆ ಬೇಡವೇ? ನಮ್ಮಕ್ಕನಂತೂ ದೆಹಲಿಯಿಂದ ಬರೆಯುವ ಪ್ರತಿ ಇ-ಮೇಲನ್ನೂ ‘ಕಾಪಿ ಆಯ್ತಾ?’ ಎಂದೇ ಶುರು ಮಾಡುತ್ತಿದ್ದಳು. ಪ್ರತಿ ಉತ್ತರದಲ್ಲೂ ನಾನು ತಿದ್ದುತ್ತಿದ್ದೆ. ಆದರೂ ಆ ಮೇಲುಗಳೆಂದರೆ ನನಗೆ ಪ್ರಾಣ. ವಯಸ್ಸಾದ ಮೇಲೆ ಟೈಪಿಂಗ್ ಕಲಿತು, ನಾವು ಗೋಣಿಬೀಡಿನಲ್ಲಿ ಬೆಳೆದದ್ದು, ಅಪ್ಪನಿಗೂ ಬಸ್ ಕಂಡಕ್ಟರಿಗೂ ಆಗುತ್ತಿದ್ದ ಜಗಳ, ಅಮ್ಮ ನಮ್ಮ ಹುಂಜಕ್ಕೆ ಹೆಡ್‌ಮಾಸ್ಟರರ ಹೆಸರಿಟ್ಟಿದ್ದು, ಎಲ್ಲವನ್ನೂ ಅವಳು ಬರೆದಿದ್ದಳು.

ಅವೆಲ್ಲ ಇದ್ದದ್ದು ನನ್ನ ಕಂಪ್ಯೂಟರಿನಲ್ಲಿ ಮಾತ್ರ; ಅದಕ್ಕೇ ವೈರಸ್ ಹತ್ತಿತು. ಕಂಪ್ಯೂಟರ್ ಅಂಗಡಿಯ ರಫೀಕ್, ನನ್ನ ಹಳೆಯ ಶಿಷ್ಯ, ಕಪ್ಪು ಪೆಟ್ಟಿಗೆಯೊಂದನ್ನು ತಂದು ಬೀರುವಿನ ಮೇಲಿಟ್ಟು ವೈರು ಎಳೆದ. “ಇದು ನೆಟ್‌ವರ್ಕ್ ಡ್ರೈವು, ಮೇಷ್ಟ್ರೇ. ನಿಮ್ ಇ-ಮೇಲ್‌ಗಳೆಲ್ಲ ಇದ್ರೊಳಗೆ ಹೋದ್ಮೇಲೆ ಕಂಪ್ಯೂಟರ್ ಪೂರ್ತಿ ಅಳಿಸಿ ಹೊಸದಾಗಿ ಹಾಕ್ತೀನಿ” ಎಂದು, ಮೇಲುಗಳನ್ನು ಪೆಟ್ಟಿಗೆಗೆ ಇಳಿಸಲು ಹಚ್ಚಿ ನಮಾಜಿಗೆ ಹೋದ. ಅವನು ಅತ್ತ ಹೋದದ್ದೇ ತಡ, ಕರೆಂಟು ಹೋಯಿತು. ಮತ್ತೆ ಕರೆಂಟು ಬಂದಾಗ ಪರದೆ ಕಪ್ಪಾಗಿತ್ತು. ಪೆಟ್ಟಿಗೆಯ ದೀಪವೇನೋ ಉರಿಯುತ್ತಿತ್ತು. ಎಲ್ಲ ಸರಿಯಿದೆ ಎಂದುಕೊಂಡು ಜಗಲಿಗೆ ಬಂದು ಕುಳಿತೆ.

ರಫೀಕ್ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಕೇಳಿದ: “ಕಾಪಿ ಆಯ್ತಾ, ಮೇಷ್ಟ್ರೇ?”

ನನ್ನ ಕೈಯಲ್ಲೇ ಕಲಿತವನು! “ಕಾಫಿ ಅನ್ನೋ! ಫ, ಫ! ಆಯ್ತು, ಆಗ್ಲೇ ಆಯ್ತು!” ಎಂದು ಗದರಿದೆ.

“ಕಾಫಿ, ಮೇಷ್ಟ್ರೇ” ಎಂದು ವಿನಯವಾಗಿ ಹೇಳಿ ಒಳಗೆ ಹೋದ. ಹೋದವನೇ ಕಂಪ್ಯೂಟರನ್ನು ಗುಡಿಸಿ ಸಾರಿಸಿಬಿಟ್ಟ. ಆಮೇಲೆ ನೋಡಿದರೆ ಪೆಟ್ಟಿಗೆಯಲ್ಲಿ ಅಕ್ಕನ ಒಂದು ಮೇಲೂ ಇಲ್ಲ.

“ನಾನು ಕೇಳಿದ್ದು ಮೇಲ್ ಕಾಪಿ ಆಯ್ತಾ ಅಂತ!”

“ಮತ್ತೆ ಕಾಫಿ ಅಂತ ಯಾಕೋ ಅಂದೆ?”

“ನೀವು ತಿದ್ದಿದ್ರೆ ಎದುರು ಮಾತಾಡದೆ ಹಂಗೇ ಹೇಳ್ಬೇಕು ಅಂತ ನೀವೇ ಕಲಿಸಿದ್ದಲ್ವಾ, ಮೇಷ್ಟ್ರೇ.”

ಕರೆಂಟಿನವರನ್ನು ಬೈದೆ, ಪೆಟ್ಟಿಗೆ ಮಾಡಿದವರನ್ನು ಬೈದೆ, ಕಾಫಿಗೂ ಕಾಪಿಗೂ ಒಂದೇ ಸದ್ದು ಮಾಡುವ ನಾಲಿಗೆಗಳನ್ನು ಬೈದೆ. ಸಾಕಾಗಿ ಅಕ್ಕನಿಗೆ ಫೋನ್ ಮಾಡಿ, ನಿನ್ನ ಹತ್ತಿರವಾದರೂ ಆ ಮೇಲುಗಳು ಇವೆಯಾ ಎಂದು ಕೇಳಿದೆ.

“ಕಳ್ಸಿದ್ಮೇಲೆ ಅಳ್ಸಿಬಿಡ್ತೀನಿ ಮಾರಾಯ. ನಾ ಬರ್ದಿದ್ದು ನಂಗ್ಯಾಕೆ? ನಿನ್ ಉತ್ರಾನೂ ಇಟ್ಟಿಲ್ಲ, ಅದ್ರಲ್ಲಿ ಬರೀ ತಪ್ಪು ತಿದ್ದಿದ್ದೇ ಇರ್ತಿತ್ತು. ಹೋಗ್ಲಿ ಬಿಡು. ಕಾಪಿ ಆಯ್ತಾ?”

“ಇಲ್ಲ ಅಕ್ಕ” ಎಂದೆ. “ಕಾಪಿ ಆಗ್ಲಿಲ್ಲ.”

“ಅಯ್ಯೋ, ಇಷ್ಟೊತ್ತಾದ್ರೂ? ಮೊದ್ಲು ಹೋಗಿ ಕುಡಿ.”

ಹೋಗಿ ಕುಡಿದೆ.