ಬೀಗರನ್ನು ಬಂಬದ ಮುಂದೆ ಕೂರಿಸಿದ್ದು

ಇನ್ನೊಬ್ಬರ ಹೊಟ್ಟೆ ತುಂಬಿಸುವುದು ದೊಡ್ಡ ಕೆಲಸವೇನಲ್ಲ. ಮನೆಯಲ್ಲಿ ಹಿಟ್ಟಿದ್ದು ಒಲೆ ಹೊತ್ತಿದರೆ ಯಾರಾದರೂ ತುಂಬಿಸಬಹುದು. ತುಂಬಿತು ಎಂದು ಅವರ ಬಾಯಿಂದ ಹೇಳಿಸುವುದಿದೆಯಲ್ಲ, ಅದು ಮಾತ್ರ ಎಲ್ಲರ ಕೈಲೂ ಆಗುವುದಿಲ್ಲ. ಅದರಲ್ಲೂ ಉಣ್ಣುವವರು ಬೀಗರಾದರೆ ಕಷ್ಟ. ಇನ್ನೂ ಬೀಗರಾಗದೆ, ಆದರೆ ಸಾಕಪ್ಪಾ ಎಂದು ನಾವು ಹರಕೆ ಹೊತ್ತಿರುವವರಾದರೆ ದೇವರೇ ಗತಿ. ನಾನು ಒಮ್ಮೆ ಅಂಥ ಇಬ್ಬರನ್ನು ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಕೂತವರು ಏಳುವವರೆಗೆ ಎಷ್ಟು ಬೇಕಾದರೂ ತಿನ್ನಬಹುದು ಎಂದು ಬಾಗಿಲಲ್ಲೇ ಬೋರ್ಡು ಹಾಕಿದ್ದ ಹೋಟೆಲು ಅದು. ಅಲ್ಲಿಂದ ನಾನು ಖಾಲಿ ಹೊಟ್ಟೆಯಲ್ಲಿ ಎದ್ದು ಬಂದೆ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ನನಗಂತೂ ಇವತ್ತಿಗೂ ಅಳುವೇ ಬರುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ಇಚಲಕರಂಜಿಯ ಶಹಾಪುರದಲ್ಲಿ ಪವರ್‌ಲೂಮ್ ಶೆಡ್ಡೊಂದರ ಗೋಡೆಗೆ ಅಂಟಿಕೊಂಡಿದ್ದ ಎರಡು ಕೋಣೆಗಳಲ್ಲಿ ನಾನು, ನನ್ನ ಹೆಂಡತಿ ಶಾಂತಾ, ತಂಗಿ ಕಮಲಾ ಇದ್ದೆವು. ನಾನು ನೂಲಿಗೆ ಗಂಜಿ ಹಾಕುವ ಸೈಜಿಂಗ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಅಪ್ಪ ಹೋದ ಮೇಲೆ ಕಮಲಾಳ ಮದುವೆ ನನ್ನ ಹೆಗಲಿಗೆ ಬಿದ್ದಿತ್ತು. ಅದಾಗಲೇ ಎರಡು ಸಂಬಂಧ ಕೂಡಿ ಬಂದಂತೆ ಮಾಡಿ ಮುರಿದಿದ್ದವು. ಮೂರನೆಯದು ಗಡಹಿಂಗ್ಲಜ ತಾಲೂಕಿನ ನೂಲ ಗ್ರಾಮದ್ದು. ಕುರಿ, ಹೊಲ ಎರಡೂ ಇದ್ದ ಮನೆತನ. ಹುಡುಗ ಕಾಗಲದ ಒಂದು ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಿದ್ದ. ಅವನು ನೋಡಲು ಬಂದು ಹೋದ ಮೇಲೆ ಕಮಲಾ ಮೂರು ದಿನ ನನ್ನ ಜೊತೆ ಜಗಳ ಆಡಲಿಲ್ಲ. ಹುಡುಗ ಅವಳಿಗೆ ಒಪ್ಪಿಗೆ ಎಂಬುದಕ್ಕೆ ನನಗೆ ಬೇರೆ ಪುರಾವೆ ಬೇಕಾಗಿರಲಿಲ್ಲ. ಇದೂ ತಪ್ಪಿದರೆ ಅವಳ ಮುಖ ಹೇಗೆ ನೋಡಲಿ ಎಂಬ ಹೆದರಿಕೆಯಲ್ಲಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಹುಡುಗನ ತಂದೆ ಮಾಳಪ್ಪನವರಿಂದ ಸುದ್ದಿ ಬಂತು: ರವಿವಾರ ಗಂಡ ಹೆಂಡತಿ ದೇವಿಯ ದರ್ಶನಕ್ಕೆ ಕೊಲ್ಲಾಪುರಕ್ಕೆ ಬರುತ್ತೇವೆ, ನೀವೂ ಬಂದರೆ ಕೂತು ಮಾತು ಮುಗಿಸಬಹುದು. ದರ್ಶನ ಮುಗಿಸಿ ಅವರನ್ನು ಇಚಲಕರಂಜಿಗೆ ಕರೆತಂದು ಮನೆಯಲ್ಲೇ ಉಣ್ಣಿಸೋಣ ಎಂದಳು ಶಾಂತಾ. "ಎರಡ ಕಿಲೋ ಮಟನ್ ತಂದಕೊಡ್ರಿ, ಮುಂದಿಂದು ನನಗ ಬಿಡ್ರಿ" ಎಂದಳು. ನಾನು ಒಪ್ಪಲಿಲ್ಲ. ನನ್ನ ಕಾರಣವೂ ತೀರ ಸುಳ್ಳಾಗಿರಲಿಲ್ಲ. ನಮ್ಮ ಕಡೆ ಬೀಗರ ಊಟವೆಂದರೆ ಊಟಕ್ಕಿಂತ ಒತ್ತಾಯ ಮುಖ್ಯ. ಅವರು ಬ್ಯಾಡ ಎನ್ನಬೇಕು, ನಾವು ನೀಡಬೇಕು. ತಾಟಿನ ಮೇಲೆ ಅಡ್ಡ ಕೈ ಇಡಬೇಕು, ನಾವು ಬೆರಳ ಸಂದಿಯಲ್ಲಿ ಸಾರು ಬಿಡಬೇಕು. ಮೊದಲ ಸಲ ಕೇಳಿದಾಗ ಹೂಂ ಅಂದವರು ಹೊಟ್ಟೆಬಾಕರು, ಮೊದಲ ಸಲ ಬ್ಯಾಡ ಅಂದಾಗ ನಂಬಿದವರು ಜಿಪುಣರು. ನಮ್ಮ ಮನೆಯಲ್ಲಿ ಗೋಡೆಯಾಚೆ ಮಗ್ಗಗಳು ಹಗಲೂ ರಾತ್ರಿ ಖಟಾಖಟ್ ಬಡಿಯುತ್ತಿದ್ದವು. ಅಲ್ಲಿ ಯಾರು ಬ್ಯಾಡ ಅಂದರು, ಯಾರು ನೀಡು ಅಂದರು ಎಂಬುದು ಕೇಳಿಸುತ್ತಲೇ ಇರಲಿಲ್ಲ. ಇಷ್ಟು ನಾಜೂಕಿನ ವ್ಯವಹಾರವನ್ನು ಒದರಾಡಿ ಮಾಡಲಾಗುತ್ತದೆಯೇ?

ನಿಜವಾದ ಕಾರಣ ಬೇರೆ ಇತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ಆ ಜಾತಿಯವನು ನಾನು. ನಮ್ಮ ಕಾರ್ಖಾನೆಯ ಶೇಠರ ಮಗ ಕೊಲ್ಲಾಪುರದಲ್ಲಿ ಹೊಸದಾಗಿ ತೆರೆದ ಚೀನಾ ಹೋಟೆಲೊಂದನ್ನು ಬಾಯ್ತುಂಬ ಹೊಗಳಿದ್ದ. ಹಡಗಿನಲ್ಲಿ ಅಡಿಗೆ ಮಾಡಿಕೊಂಡು ದೇಶ ದೇಶ ತಿರುಗಿ ಬಂದ ಮರಾಠಿ ಮನುಷ್ಯನೊಬ್ಬ ಅದನ್ನು ನಡೆಸುತ್ತಿದ್ದನಂತೆ. ಎಷ್ಟು ತಿಂದರೂ ಬೇಡ ಎನ್ನುವುದಿಲ್ಲವಂತೆ. ಬೀಗರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದು ಎಂದುಕೊಂಡೆ. ಒಳಗೆ ಏನು ಕೊಡುತ್ತಾರೆಂದು ಶೇಠರ ಮಗನನ್ನು ಕೇಳಬೇಕಿತ್ತು. ಕೇಳಿದರೆ ನನಗೆ ಗೊತ್ತಿಲ್ಲವೆಂದು ಅವನಿಗೆ ಗೊತ್ತಾಗುತ್ತಿತ್ತು. ಹಾಗಾಗಿ ತಲೆಯಾಡಿಸಿ ಸುಮ್ಮನಾಗಿದ್ದೆ.

ರವಿವಾರ ಮಧ್ಯಾಹ್ನ ಮಾಳಪ್ಪನವರು ರೇಶಿಮೆ ಅಂಚಿನ ರುಮಾಲು ಸುತ್ತಿಕೊಂಡು, ಅವರ ಹೆಂಡತಿ ಲಗಮವ್ವ ತಲೆ ಮೇಲೆ ಸೆರಗು ಹೊದ್ದು ನಮ್ಮ ಜೊತೆ ಹೋಟೆಲಿಗೆ ಬಂದರು. ಕಮಲಾಳನ್ನು ಕರೆತರುವುದು ಪದ್ಧತಿಯಲ್ಲವೆಂದು ಮನೆಯಲ್ಲೇ ಬಿಟ್ಟಿದ್ದೆವು. "ಬಸಾ ಪಾವ್ಣಂ, ಬಸಾ" ಎಂದು ಮಾಲಕ ತಾನೇ ಎದ್ದು ಬಂದು ಕುರ್ಚಿ ಎಳೆದುಕೊಟ್ಟ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ಅವನು ಒಳಗಿನಿಂದ ಹಿತ್ತಾಳೆಯ ಒಂದು ಪಾತ್ರೆಯನ್ನು ತಂದು ಟೇಬಲ್ಲಿನ ನಡುವೆ ಇಟ್ಟ. ನಡುವೆ ಕೊಳವೆ, ಕೊಳವೆಯಲ್ಲಿ ನಿಗಿನಿಗಿ ಕೆಂಡ, ಸುತ್ತಲೂ ಕುದಿಯುವ ನೀರು. ಸ್ನಾನದ ನೀರು ಕಾಯಿಸಲು ಬಚ್ಚಲಲ್ಲಿ ತಾಮ್ರದ ಬಂಬ ಇಡುತ್ತೇವಲ್ಲ, ಅದರ ತಮ್ಮನಂತಿತ್ತು. ಮಾಳಪ್ಪನವರು ಅದನ್ನೇ ನೋಡುತ್ತ, "ಬೀಗರ, ಊಟಕ್ಕಿಂತ ಮೊದಲ ಜಳಕಾ ಮಾಡೂದೈತೇನ್ರಿ?" ಎಂದರು.

ನಾನು ನಕ್ಕೆ. ಅದು ಆ ದಿನದ ಕೊನೆಯ ನಗು. ಮಾಲಕ ಒಂದೊಂದಾಗಿ ತಾಟು ತಂದಿಟ್ಟ: ಹೆಚ್ಚಿದ ಹಸಿ ಎಲೆಕೋಸು, ಗಜ್ಜರಿ, ಹಸಿ ಶಾವಿಗೆ, ಒಡೆಯದ ತತ್ತಿ, ಕಾಗದದಷ್ಟು ತೆಳ್ಳಗೆ ಕೊಯ್ದ ಹಸಿ ಮಟನ್. ಮಾಳಪ್ಪನವರು ಮಟನ್ನಿನ ಒಂದು ಪದರು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಆಚೆಯ ರಸ್ತೆ ಕಾಣಿಸಿತೋ ಏನೋ. "ಐವತ್ತ ವರ್ಷ ಕುರಿ ಕಾಯ್ದೇನ್ರಿ. ಇಷ್ಟ ಬಡಕ ಕುರಿ ನಮ್ಮ ಹಿಂಡಿನ್ಯಾಗ ಒಂದೂ ಹುಟ್ಟಿಲ್ಲ" ಎಂದು ಕೆಳಗಿಟ್ಟರು. ತೋರಿಸಲು ತಂದಿದ್ದಾರೆ, ಇನ್ನು ಒಳಗೆ ಒಯ್ದು ಕುದಿಸುತ್ತಾರೆ ಎಂದು ನಾವು ನಾಲ್ವರೂ ಕೈಕಟ್ಟಿ ಕೂತೆವು. ಮಾಲಕನೂ ಕೈಕಟ್ಟಿ ನಿಂತ. ಹೀಗೇ ಬಹಳ ಹೊತ್ತು ಕಳೆಯಿತು. ಕೊನೆಗೆ ಯಾವಾಗ ಅಡಿಗೆ ಎಂದು ನಾನೇ ಕೇಳಿದೆ. "ತುಮ್ಹೀಚ್ ಶಿಜವಾಯ್ಚಂ, ಪಾವ್ಣಂ! ತೀಚ್ ತರ ಗಮ್ಮತ್!" ಎಂದ. ನೀವೇ ಬೇಯಿಸಿಕೊಳ್ಳಬೇಕು, ಅದೇ ಮಜಾ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಗೆ ಆ ಪುಣ್ಯಾತ್ಮ ಹೋಟೆಲೇ ಹಾಕಿಕೊಂಡು ಕೂತಿದ್ದ.

ನೂಲದವರಿಗೂ ಮರಾಠಿ ಚೆನ್ನಾಗಿ ಬರುತ್ತದೆ. ಬಾರದಿದ್ದರೆ ಏನಾದರೂ ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಮಾಳಪ್ಪನವರ ಮೀಸೆ ನಿಧಾನಕ್ಕೆ ಬಿಗಿಯಿತು. ಹೆಣ್ಣಿನ ಕಡೆಯವರು ಊಟಕ್ಕೆ ಕರೆದು, ಗಂಡಿನ ಕಡೆಯವರಿಂದಲೇ ಅಡಿಗೆ ಮಾಡಿಸಿದರು ಎಂಬ ಮಾತು ನೂಲದ ಕಟ್ಟೆಯ ಮೇಲೆ ಹೇಗೆ ಕೇಳಿಸುತ್ತದೆಂದು ನನಗೆ ಅಲ್ಲಿಯೇ ಕೇಳಿಸಿತು. ಸಾಲದ್ದಕ್ಕೆ ಲಗಮವ್ವ ಬಂಬದೊಳಗೆ ಇಣುಕಿ, "ಬೆಂಕಿ ಕಡಿಮ್ಯಾಗೇತಿ" ಎಂದವರೇ ತಮ್ಮ ತಾಟಿನ ಪಕ್ಕದಲ್ಲಿದ್ದ ಎರಡು ಕಡ್ಡಿಗಳನ್ನು ಎತ್ತಿ ಕೊಳವೆಯೊಳಗೆ ತುರುಕಿದರು. ಅವು ಚೀನಾದವರು ಉಣ್ಣುವ ಕಡ್ಡಿಗಳು. ನಲವತ್ತು ವರ್ಷ ಒಲೆ ಉರಿಸಿದ ಹೆಂಗಸಿಗೆ ಬೆಂಕಿಯ ಮಗ್ಗುಲಲ್ಲಿ ಇಟ್ಟ ಕಡ್ಡಿ ಉರುವಲಲ್ಲದೆ ಇನ್ನೇನಾಗಿ ಕಂಡೀತು? ಭಗ್ಗನೆ ಉರಿ ಎದ್ದಿತು. ಹೊಗೆ ತುಂಬಿತು. ಮಾಲಕ "ಅಹೋ ಆಜಿ!" ಎಂದು ಓಡಿ ಬಂದ. ಬೀಗತಿಯ ಕೈಯಲ್ಲಿ ಒಲೆ ಉರಿಸಿಕೊಂಡ ಮೊದಲ ಗಂಡಸು ನಾನೇ ಇರಬೇಕು. ಶಾಂತಾ ನನ್ನತ್ತ ನೋಡಿದಳು. ಆ ನೋಟವನ್ನು ನಾನು ಬರೆಯಲಾರೆ.

"ನೀವು ಕೂಡ್ರಿ, ಯಾರೂ ಕೈ ಹಚ್ಚಬ್ಯಾಡ್ರಿ, ನಾ ಮಾಡ್ತೇನಿ" ಎಂದು ಎದ್ದು ನಿಂತೆ. ಶಾಂತಾಳೂ ಎದ್ದಳು. ಅವಳನ್ನೂ ಕೂಡಿಸಿದೆ, ಮಾನ ಕಳೆದವನು ನಾನು, ಉಳಿಸಬೇಕಾದವನೂ ನಾನೇ ಎಂಬ ಹಟ. ಜನ್ಮದಲ್ಲಿ ಚಹಾ ಕೂಡ ಕುದಿಸಿದವನಲ್ಲ. ಎಲೆಕೋಸು, ಶಾವಿಗೆ, ಮಟನ್, ಎಲ್ಲವನ್ನೂ ಒಮ್ಮೆಲೇ ನೀರಿಗೆ ಸುರಿದೆ. ಉಪ್ಪು ಹಾಕಿದೆ. ಹಾಕಿದ್ದೆಷ್ಟು ಎಂದು ಮರೆತು ಇನ್ನೊಮ್ಮೆ ಹಾಕಿದೆ. ರುಚಿ ನೋಡಬೇಕಲ್ಲ? ಸೌಟು ಬಾಯಿಗೆ ಹಚ್ಚಿದರೆ ಇಡೀ ಬಂಬವೇ ಎಂಜಲು. ನಮ್ಮವ್ವ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡುತ್ತಿದ್ದದ್ದು ನೆನಪಾಯಿತು. ಹಾಗೇ ಸೌಟು ಎತ್ತಿ ಅಂಗೈಗೆ ಸುರಿದುಕೊಂಡೆ. ಅವ್ವ ಆರಿಸಿಕೊಂಡು ಸುರಿದುಕೊಳ್ಳುತ್ತಿದ್ದಳೆಂಬುದು ಆಮೇಲೆ ನೆನಪಾಯಿತು. ಅಂಗೈ ಬೆಂದು ಕೆಂಪಾಯಿತು. ಬೀಗರ ಮುಂದೆ ಹಾ ಅನ್ನುವಂತಿರಲಿಲ್ಲ. "ಭಾಳ ರುಚಿಯಾಗೇತ್ರಿ" ಎಂದೆ. ಕಣ್ಣಲ್ಲಿ ಬಂದ ನೀರನ್ನು ಅವರು ಸಂತೋಷದ್ದೆಂದು ತಿಳಿಯಲಿ ಎಂದು ಬೇಡಿಕೊಂಡೆ.

ಬಟ್ಟಲಿಗೆ ಹಾಕಿ ಕೊಟ್ಟೆ. ಮಾಳಪ್ಪನವರು ಒಂದು ಗುಟುಕು ಕುಡಿದು ಬಟ್ಟಲನ್ನು ಮರ್ಯಾದೆಯಿಂದ ದೂರ ಸರಿಸಿದರು. ಅಷ್ಟರಲ್ಲಿ ಮಾಲಕ ಬಂದು ಇನ್ನಷ್ಟು ಮಟನ್ ಬೇಕೇ ಎಂದು ಕೇಳಿದ. ಮಾಳಪ್ಪನವರು ಪದ್ಧತಿ ಪ್ರಕಾರ "ನಕೋ ನಕೋ" ಎಂದರು. ಆ ಪಾಪಿ ನಂಬಿಬಿಟ್ಟ! ಮೊದಲನೇ ನಕೋಗೇ ತಾಟು ಎತ್ತಿಕೊಂಡು ಹೊರಟೇ ಹೋದ. ಬೀಗರ ಕೈ ಗಾಳಿಯಲ್ಲೇ ಉಳಿಯಿತು. ನಾನು ಅವನ ಹಿಂದೆ ಅಡಿಗೆಮನೆಗೆ ಓಡಿ, ಅವರು ಬೇಡವೆಂದರೆ ತಾ ಎಂದರ್ಥ, ಎರಡನೇ ಸಲ ಬೇಡವೆಂದರೆ ಬೇಗ ತಾ ಎಂದರ್ಥ ಎಂದು ತಿಳಿಸಿ ಹೇಳಿದೆ. ಜಗತ್ತೆಲ್ಲ ಸುತ್ತಿ ಬಂದವನಿಗೆ ಇದು ಚೆನ್ನಾಗಿ ತಿಳಿಯಿತು. ಅಲ್ಲಿಂದ ಮುಂದೆ ಯಾರು ಎಷ್ಟು ಬೇಡಿಕೊಂಡರೂ ಅವನು ನಿಲ್ಲಿಸಲಿಲ್ಲ. ತಾಟಿನ ಮೇಲೆ ತಾಟು ಬಂತು. ನಾನು ಬೇಯಿಸಿದೆ, ನೀಡಿದೆ, ಲಗಮವ್ವನಿಗೆ ನೀಡಿದೆ, ಮಾಳಪ್ಪನವರಿಗೆ ನೀಡಿದೆ, ಬೆವರು ಒರೆಸಿಕೊಂಡೆ, ಮತ್ತೆ ಬೇಯಿಸಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಸುಮ್ಮನೆ ಅನ್ನುತ್ತಾರೆ. ನಾನು ಎರಡು ತಾಸು ಅದನ್ನೇ ಮಾಡಿದೆ. ಸ್ಟ್ಯಾಂಡಿನಲ್ಲಿ ಗಡಹಿಂಗ್ಲಜದ ಗಾಡಿ ಹತ್ತುವಾಗ ಮಾಳಪ್ಪನವರು "ಬರ್ತೇವ್ರಿ" ಎಂದಷ್ಟೇ ಹೇಳಿದರು. ಮದುವೆಯ ಮಾತನ್ನು ಯಾರೂ ಎತ್ತಿರಲಿಲ್ಲ.

ಹತ್ತು ದಿನ ನೂಲದಿಂದ ಸುದ್ದಿಯೇ ಇಲ್ಲ. ಕಮಲಾ ಎಲ್ಲವನ್ನೂ ಶಾಂತಾಳಿಂದ ಕೇಳಿ ತಿಳಿದಿದ್ದಳು. ಅಳಲಿಲ್ಲ. "ಅಣ್ಣಾ, ನನ್ನ ಲಗ್ನಾ ಆಗಬಾರದಂತ ನಿನ್ನ ಮನಸಿನ್ಯಾಗ ಇದ್ರ ಬಾಯಿಲೆ ಹೇಳಬೇಕಾಗಿತ್ತು. ಕೈ ಯಾಕ ಸುಟಗೊಂಡಿ?" ಎಂದಳು. ಅದಕ್ಕಿಂತ ಅತ್ತಿದ್ದರೆ ಚೆನ್ನಾಗಿತ್ತು. ಕಾರ್ಖಾನೆಯಲ್ಲಿ ಗಂಜಿಯ ಕಡಾಯಿ ಕುದಿಯುವುದನ್ನು ಕಂಡರೂ ನನಗೆ ಆ ಬಂಬವೇ ಕಾಣುತ್ತಿತ್ತು. ಒಂದು ಹುಡುಗಿಯ ಬಾಳನ್ನು ಎಲೆಕೋಸಿನ ಜೊತೆ ಕುದಿಸಿಬಿಟ್ಟೆ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ.

ಹನ್ನೊಂದನೆಯ ದಿನ ಗಂಡ ಹೆಂಡತಿ ಹೇಳದೆ ಕೇಳದೆ ಶಹಾಪುರಕ್ಕೆ ಬಂದರು. ಅಂದು ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು, ಹಾಗಾಗಿ ಪ್ರತಿ ಮಾತೂ ಸ್ಪಷ್ಟವಾಗಿ ಕೇಳಿಸಿತು. ಮಾಳಪ್ಪನವರು ಸೂರು ನೋಡುತ್ತ ಕೂತರು. ಮಾತಾಡಿದವರು ಲಗಮವ್ವ. "ನಾ ಲಗ್ನಾಗಿ ನಲವತ್ತ ವರ್ಷಾತು. ಊರ ಮಂದಿಗೆಲ್ಲಾ ನೀಡೇನಿ. ಒಬ್ಬ ಗಂಡಸ ಮನುಷ್ಯಾ ನಿಂತು ಕುದಿಸಿ ನನಗ ನೀಡಿದ್ದು ಅವತ್ತ ಒಂದ ದಿನಾ. ಇವರು ಒಲ್ಲೆ ಅಂದ್ರು. ಹತ್ತ ದಿನಾ ನಾನೂ ಬಿಡ್ಲಿಲ್ಲ. ಹುಡುಗಿ ನಮಗ ಬೇಕ್ರಿ." ಮಾಳಪ್ಪನವರು ಸೂರಿನಿಂದ ಕಣ್ಣು ತೆಗೆಯದೆ, "ಅಡಿಗಿ ಮಾತ್ರ ಖರೇನ ಛಲೋ ಇರಲಿಲ್ಲ" ಎಂದರು.

ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಒಳಗೆ ಕಮಲಾ ಏನೋ ಪಾತ್ರೆ ಬೀಳಿಸಿದಳು. ಸುಮ್ಮನಿರಬೇಕಾದವನು ನಾನು, ಹೊಗಳಿಕೆ ಇನ್ನೊಂದಿಷ್ಟು ಬರಲಿ ಎಂಬ ಆಸೆ. "ಅವತ್ತ ನಾ ಒಂದ ತುತ್ತೂ ಉಣ್ಣಲಿಲ್ಲ ನೋಡ್ರಿ, ಅಕ್ಕಾರ" ಎಂದೆ. ಲಗಮವ್ವ ನನ್ನನ್ನು ನೋಡಿದರು. "ಗೊತ್ತೈತ್ರಿ. ಶಾಂತವ್ವನೂ ಉಣ್ಣಲಿಲ್ಲ. ನೀವು ನಮಗ ನೀಡಿದ್ರಿ. ಆಕಿ ತಾಟಿನ ಕಡೆ ನೀವು ಒಮ್ಮೆನೂ ನೋಡಲಿಲ್ಲ."

ಅವರು ಹೋದ ಮೇಲೆ ಶಾಂತಾಳನ್ನು ಕೇಳಿದೆ, ಉಂಡಿಲ್ಲವೆಂದು ನೀನಾದರೂ ಹೇಳಬಾರದಾಗಿತ್ತೇ ಎಂದು. ಅಂದು ಕೊಲ್ಲಾಪುರದಿಂದ ಬಂದು ನಾನು ಹಸಿವು ಹಸಿವು ಎಂದು ಗೋಳಾಡಿದ್ದೆ. ಅವಳು ಸೀರೆಯನ್ನೂ ಬದಲಿಸದೆ ಕೂತು ರೊಟ್ಟಿ ಬಡಿದು ಹಾಕಿದ್ದಳು.

"ಅವತ್ತ ಎಷ್ಟ ರೊಟ್ಟಿ ಉಂಡ್ರಿ?" ಎಂದಳು.

"ನಾಕು."

"ಡಬ್ಬಿಯಾಗ ಹಿಟ್ಟಿದ್ದದ್ದ ನಾಕ ರೊಟ್ಟಿಗಷ್ಟ."

ನಾನು ಎದ್ದು ಸ್ಟೋವಿನ ಮುಂದೆ ಕೂತೆ. ಅದನ್ನು ಹೊತ್ತಿಸುವುದು ಹೇಗೆ ಎಂದು ಅವಳನ್ನೇ ಕೇಳಬೇಕಾಯಿತು.