ಸರ್ಜನ್‌ನ ಕೈಗವಸು

ಒಬ್ಬ ಮನುಷ್ಯ ಮಾಡಿದ ವಸ್ತುವನ್ನು ಇನ್ನೊಬ್ಬ ಮನುಷ್ಯ ಜೋಡಿಸಲಾರನೇ? ಕಳೆದ ಭಾನುವಾರ ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ನಾನು ಘೋಷಿಸಿದೆ: "ಬೈಕಿಗೆ ಥ್ರಾಟಲ್ ಲಾಕ್ ಇವತ್ತು ನಾನೇ ಕೂರಿಸ್ತೀನಿ! ಮೆಕ್ಯಾನಿಕ್ಕೂ ಬೇಡ, ಗಿಕ್ಯಾನಿಕ್ಕೂ ಬೇಡ!"

"ಹೋದ ತಿಂಗಳು ಗಡಿಯಾರಕ್ಕೆ ಸೆಲ್ ಹಾಕಿದ್ರಲ್ಲ," ಎಂದಳು ನನ್ನ ಹೆಂಡತಿ, ಬಟ್ಟೆ ಹಿಂಡುತ್ತಾ. "ಇವತ್ತಿಗೂ ನಿಂತೇ ಇದೆ."

"ಅದು ಗಡಿಯಾರದ ತಪ್ಪು."

"ಸೆಲ್ ತಿರುಗಾಮುರುಗಾ ಹಾಕಿದ್ದು?"

ಮಹತ್ಕಾರ್ಯಕ್ಕೆ ಹೊರಟವರು ಇಂಥ ಮಾತಿಗೆಲ್ಲ ಉತ್ತರ ಕೊಡುವುದಿಲ್ಲ. ನಾನು ಬಾಯಿ ಮುಕ್ಕಳಿಸಲು ಹೋದೆ.

ಬೈಕ್ ನನ್ನದಲ್ಲ, ನನ್ನ ಗೆಳೆಯನದು. ಅವನು ತೀರಿಕೊಂಡು ಹತ್ತು ತಿಂಗಳಾಯಿತು. ಕಸುಬಿನಲ್ಲಿ ಅಂಚೆ ಕಚೇರಿಯ ಗುಮಾಸ್ತ. ಆದರೆ ಮಿಕ್ಸಿ, ರೇಡಿಯೊ, ಹೊಲಿಗೆ ಯಂತ್ರ, ಏನು ಕಂಡರೂ ಹೊಟ್ಟೆ ಬಿಚ್ಚಿ ನೋಡುತ್ತಿದ್ದುದರಿಂದ ನಮಗೆಲ್ಲ ಅವನು ಸರ್ಜನ್. ಮೂವತ್ತು ವರ್ಷ ಅವನ ಆಪರೇಷನ್‌ಗಳಿಗೆಲ್ಲ ನಾನೇ ಸಹಾಯಕ. ಅಂದರೆ, ಟಾರ್ಚ್ ಹಿಡಿಯುವವನು. ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವನಾದ್ದರಿಂದ ಒಂದು ಕೈಯಲ್ಲಿ ಬೆಳಕು ಬಿಡುತ್ತಾ ಇನ್ನೊಂದು ಕೈಯಲ್ಲಿ ಕೈಪಿಡಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದೆ. ಅವನು ಒಂದಕ್ಷರವನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೂ ಸಂಜೆ ನೆಲದ ಮೇಲೆ ಹರಡಿದ್ದ ಭಾಗಗಳೆಲ್ಲ ಮರುದಿನ ಹೋಗಿ ನೋಡಿದರೆ ಯಂತ್ರವಾಗಿ ಗುಂಯ್‌ಗುಟ್ಟುತ್ತಿದ್ದವು! ಎಂಥ ಕೈಗುಣ ಎಂದು ಬೆರಗಾಗುತ್ತಾ ನಾನು ಮನೆಗೆ ಬರುತ್ತಿದ್ದೆ.

ಕಡಲ ತುದಿಯ ದೀಪಸ್ತಂಭದವರೆಗೆ ಇಬ್ಬರೂ, ನಾನು ನನ್ನ ಹಳೆಯ ಬೈಕಿನಲ್ಲಿ, ಜೊತೆಯಾಗಿ ಹೋಗಬೇಕೆಂದು ಅವನು ಕೊಂಡದ್ದು ಈ ದೊಡ್ಡ ಟೂರಿಂಗ್ ಬೈಕ್. ಹೋಗಲಿಲ್ಲ. ಅವನು ಹೋದ ಮೇಲೆ ಬೈಕ್ ಧೂಳು ತಿನ್ನುತ್ತಾ ನಿಂತಿತ್ತು. "ಓಡಿಸೋರಿಲ್ದೆ ಅದನ್ನ ದಿನಾ ನೋಡೋಕೆ ನನ್ನಿಂದ ಆಗಲ್ಲ. ಗಿರಾಕಿ ಸಿಕ್ಕಿದ್ದಾರೆ, ಕೊಟ್ಬಿಡ್ತೀನಿ," ಎಂದರು ಅತ್ತಿಗೆ. ಸರ್ಜನ್‌ನ ಹೆಂಡತಿಯನ್ನು ನಾನು ಕರೆಯುವುದು ಹಾಗೆ.

"ನಾನು ಓಡಿಸ್ತೀನಿ ಅತ್ತಿಗೆ."

"ನಿಮ್ಮ ಕೈ?"

ಸರಿಯಾದ ಪ್ರಶ್ನೆ. ಒಮ್ಮೆ ಮುರಿದು ಕೂಡಿದ ನನ್ನ ಬಲ ಮಣಿಕಟ್ಟು, ಬೈಕಿನ ಆಕ್ಸಿಲರೇಟರ್ ಹಿಡಿಯನ್ನು ಅರ್ಧ ಗಂಟೆ ತಿರುಗಿಸಿ ಹಿಡಿದರೆ ಮರಗಟ್ಟುತ್ತದೆ. ಅದಕ್ಕೆ ಮದ್ದೇ ಥ್ರಾಟಲ್ ಲಾಕ್: ಹಿಡಿಯನ್ನು ತಿರುಗಿಸಿದಷ್ಟಕ್ಕೇ ನಿಲ್ಲಿಸಿ, ಕೈಗೆ ರಜೆ ಕೊಡುವ ಪುಟ್ಟ ಬಿಲ್ಲೆ. ಬೈಕಿನ ಪೆಟ್ಟಿಗೆಯಲ್ಲಿ ಸರ್ಜನ್‌ನ ಕೈಗವಸುಗಳ ಅಡಿಯಲ್ಲೇ ಅಂಥದ್ದೊಂದು ಸಿಕ್ಕಿತ್ತು. ಅದರ ಡಬ್ಬಿಯ ಅಂಟುಪಟ್ಟಿ ಆಗಲೇ ಬಿಚ್ಚಿತ್ತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

"ಗಾಡಿ ತಗೊಂಡ್ಹೋಗಿ. ಭಾನುವಾರ ಹನ್ನೊಂದಕ್ಕೆ ನಿಮ್ಮನೆಗೆ ಬರ್ತೀನಿ," ಎಂದಿದ್ದರು ಅತ್ತಿಗೆ. "ಓಡಿಸಿ ತೋರಿಸಿ. ಧೈರ್ಯ ಬಂದ್ರೆ ಗಾಡಿ ನಿಮ್ಮ ಹತ್ರಾನೇ ಇರ್ಲಿ. ಇಲ್ದಿದ್ರೆ ಗಿರಾಕಿಗೆ."

ಹತ್ತು ಗಂಟೆಗೆ ಮೆಟ್ಟಿಲ ಕೆಳಗಿನ ಕತ್ತಲೆಯ ಷೆಡ್ಡಿನಲ್ಲಿ ಆಪರೇಷನ್ ಶುರುವಾಯಿತು. ಕೈಪಿಡಿಯನ್ನು ಮೂರು ಸಲ ಓದಿ ಎರಡು ಕಾಗುಣಿತದ ತಪ್ಪು ತಿದ್ದಿದ್ದೆ. ಸರ್ಜನ್‌ನ ಬಲಗೈಗವಸು ತೊಟ್ಟು, ಪಟ್ಟಿ ಬಿಗಿದೆ. ಟಾರ್ಚ್ ಈ ಸಲ ಹೆಂಡತಿಯ ಕೈಯಲ್ಲಿ.

"ಬೆಳಕು ಸ್ವಲ್ಪ ಎಡಕ್ಕೆ! ಸ್ವಲ್ಪ ಮೇಲಕ್ಕೆ! ಟಾರ್ಚ್ ಹಿಡಿಯೋದು ಒಂದು ಕಲೆ ಕಣೇ!"

"ಒಲೆ ಮೇಲೆ ಹಾಲಿದೆ. ಕಲೆ ಬೇಗ ಮುಗಿಸಿ."

ಲಾಕನ್ನು ಹಿಡಿಗೆ ತೊಡಿಸಿ, ಬಲಗೈಯಲ್ಲಿ ಹಿಡಿಯನ್ನು ಭದ್ರವಾಗಿ ಹಿಡಿದು, ಎಡಗೈಯಲ್ಲಿ ಸ್ಕ್ರೂ ಬಿಗಿಯುವ ಅಲೆನ್ ಕೀ ತಿರುಗಿಸಿದೆ. ಒಂದು ಸುತ್ತು, ಎರಡು ಸುತ್ತು, ಇರಲಿ ಎಂದು ಇನ್ನೂ ನಾಲ್ಕು ಸುತ್ತು. ಆಹಾ, ಏನು ಬಿಗಿ! ಕೀ ಕೈಜಾರಿ ಟಣ್ಣೆಂದು ಉರುಳಿ ನೀರು ಹೋಗುವ ತೂತಿನೊಳಗೆ ಮಾಯವಾಯಿತು. ಹೋಗಲಿ, ಕೆಲಸವಂತೂ ಮುಗಿದಿತ್ತಲ್ಲ! ಗೇರು ನ್ಯೂಟ್ರಲ್ಲಿನಲ್ಲಿದೆ ಎಂದು ಖಾತ್ರಿ ಮಾಡಿಕೊಂಡು, ಎಡಗೈ ಚಾಚಿ ಸ್ಟಾರ್ಟರ್ ಒತ್ತಿದೆ.

ಓದುಗರೇ, ಸಿಂಹದ ಬಾಯೊಳಗೆ ಮೈಕ್ ಇಟ್ಟರೆ ಹೇಗಿರುತ್ತದೆ ಹೇಳಿ! ಬಿಗಿಯುವಾಗ ನಾನು ಹಿಡಿಯನ್ನು ಅರ್ಧಕ್ಕೆ ತಿರುಗಿಸಿಕೊಂಡೇ ಬಿಗಿದಿದ್ದೆ. ಕೈಗವಸಿನ ಮಡಿಕೆಯೂ ಲಾಕಿನೊಳಗೆ ಸೇರಿತ್ತು. ಎಂಜಿನ್ ನಿಲ್ಲಿಸುವ ಕೆಂಪು ಗುಂಡಿ ಅದೇ ಕೈಗವಸಿನ ಕೆಳಗೆ. ಕೈ ಎಳೆದೆ, ಬರಲಿಲ್ಲ. ಷೆಡ್ಡು ನಡುಗಿತು. ಅಟ್ಟದ ಮೇಲಿದ್ದ ಬಣ್ಣದ ಡಬ್ಬಿ ಒಂದೊಂದೇ ಹೆಜ್ಜೆ ಇಡುತ್ತಾ ಅಂಚಿಗೆ ಬಂದು, ನನ್ನ ಬೂಟಿನ ಮೇಲೆ ಬೆಳ್ಳಗೆ ವಾಂತಿ ಮಾಡಿಕೊಂಡಿತು. ಷೆಡ್ಡಿನ ಬಾಗಿಲಾಚೆ ಸೈಲೆನ್ಸರಿನ ಎದುರು ಒಣಗಲು ಹಾಕಿದ್ದ ಹಾಸಿಗೆಯ ಹೊದಿಕೆ ದೋಣಿಯ ಹಾಯಿಯಂತೆ ಉಬ್ಬಿ, ಕಪ್ಪಾಗಿ, ಹಗ್ಗ ಬಿಟ್ಟು ಹಾರಿ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರ ತಲೆಯ ಮೇಲೆ ಇಳಿಯಿತು.

"ಆಫ್ ಮಾಡೇ! ಆಫ್ ಮಾಡು!" ಎಂದು ಕಿರುಚಿದೆ.

ಅವಳು ಟಾರ್ಚ್ ಆಫ್ ಮಾಡಿದಳು.

"ಅದಲ್ವೇ! ಬೈಕು!"

"ಹಾಗಂತ ಮೊದ್ಲೇ ಹೇಳ್ಬಾರ್ದಾ?" ಎನ್ನುತ್ತಾ ಬಂದು, ನನ್ನ ಮೂಗಿನ ಕೆಳಗೇ ತೂಗುತ್ತಿದ್ದ ಕೀಲಿಯನ್ನು ಎರಡು ಬೆರಳಲ್ಲಿ ತಿರುಗಿಸಿದಳು. ಅಷ್ಟೇ. ಆ ಕೀಲಿ ಅಲ್ಲಿದೆ ಎಂಬುದು ಕೈಪಿಡಿ ಮೂರು ಸಲ ಓದಿದ ನನಗೆ ಹೊಳೆದಿರಲಿಲ್ಲ!

ಎಂಜಿನ್ ನಿಂತಿತು. ಮಣಿಕಟ್ಟಿನ ಪಟ್ಟಿಯನ್ನು ಅವಳೇ ಬಿಚ್ಚಿದ ಮೇಲೆ ನನ್ನ ಕೈ ಹೊರಗೆ ಬಂತು. ಕೈಗವಸು ಬರಲಿಲ್ಲ. ಒಳಗೆ ಕೈಯಿಲ್ಲದೆಯೂ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಗಂಟೆ ಹನ್ನೊಂದು.

ಅವರು ಬೂಟು ನೋಡಿದರು, ಹೊಗೆ ನೋಡಿದರು, ಆಮೇಲೆ ಕೈಗವಸನ್ನು ಬಹಳ ಹೊತ್ತು ನೋಡಿದರು. ಗಾಡಿ ಹೋಯಿತು ಎಂದುಕೊಂಡೆ. ದೀಪಸ್ತಂಭವೂ ಹೋಯಿತು. ಅಷ್ಟರಲ್ಲಿ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಹತ್ತಿರ ಹೋದರೆ, ನಗು! ಗೋಡೆ ಹಿಡಿದುಕೊಂಡು ನಗುತ್ತಿದ್ದಾರೆ! ಹತ್ತು ತಿಂಗಳಲ್ಲಿ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ.

"ತಡೀರಿ," ಎಂದು ಉಸಿರು ಕೂಡಿಸಿಕೊಂಡು ಯಾರಿಗೋ ಫೋನ್ ಮಾಡಿದರು. ಹತ್ತು ನಿಮಿಷಕ್ಕೆಲ್ಲ ಚೀಲ ಹೊತ್ತ, ನೆರೆಗೂದಲಿನ ಮೆಕ್ಯಾನಿಕ್ ಬಂದ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೈ ಮುಗಿದ.

"ಓ, ಟಾರ್ಚ್ ಸಾಹೇಬ್ರು ನೀವೇನಾ?"

"ನಿಮಗೆ ಹೇಗೆ ಗೊತ್ತು?"

ಅವನು ಅತ್ತಿಗೆಯ ಮುಖ ನೋಡಿದ. "ಹೇಳಪ್ಪಾ, ಇನ್ನೇನು ಗುಟ್ಟು!" ಎಂದರು ಅವರು.

"ನೀವು ಟಾರ್ಚ್ ಹಿಡಿದು ಮನೆಗೆ ಹೋದ ಮಾರನೇ ಬೆಳಿಗ್ಗೆ ನನಗೆ ಫೋನ್ ಬರ್ತಿತ್ತು ಸಾರ್. ಮಿಕ್ಸಿ, ರೇಡಿಯೊ, ಎಲ್ಲ ಜೋಡಿಸ್ತಿದ್ದೋನು ನಾನೇ. 'ನನ್ನ ಗೆಳೆಯನಿಗೆ ಗೊತ್ತಾಗೋದು ಬೇಡ ಕಣಯ್ಯಾ, ಪಾಪ, ನನ್ನನ್ನ ಏನೋ ದೊಡ್ಡದು ಅಂದ್ಕೊಂಡಿದ್ದಾನೆ' ಅಂತಿದ್ರು."

ಮೂವತ್ತು ವರ್ಷ! ಮೂವತ್ತು ವರ್ಷ ನಾನು ಬೆಳಕು ಬಿಟ್ಟದ್ದು ಯಾವುದಕ್ಕೆ!

ಮೆಕ್ಯಾನಿಕ್ ಸ್ಕ್ರೂ ಸಡಿಲಿಸಿ ಕೈಗವಸನ್ನು ಬಿಡಿಸಿಕೊಂಡು, ತಿರುಗಿಸಿ ತೋರಿಸಿದ. ಹೊಸದಾಗಿ ಕಚ್ಚಿದ ಗುರುತಿನ ಪಕ್ಕದಲ್ಲೇ, ಒಂದು ಬೆರಳು ದೂರದಲ್ಲಿ, ಅದೇ ಆಕಾರದ ಹಳೆಯ ಗುರುತು.

"ಅವ್ರೂ ಹಿಂಗೇ ಸಿಕ್ಕಾಕ್ಕೊಂಡಿದ್ರು ಸಾರ್. ಇದೇ ಕೈಗವಸು. ನಾನೇ ಬಿಚ್ಚಿದ್ದು. 'ಗೆಳೆಯನ ಕೈ ಮರಗಟ್ಟುತ್ತೆ, ಇದು ಅವನ ಬೈಕಿಗೆ. ಕೊಡೋ ಮುಂಚೆ ನನ್ನದಕ್ಕೆ ಹಾಕಿ ನೋಡ್ತಿದ್ದೆ' ಅಂದ್ರು."

ಅತ್ತಿಗೆ ಕೈಗವಸನ್ನು ತೆಗೆದುಕೊಂಡು, ಎರಡೂ ಗುರುತುಗಳನ್ನು ಹೆಬ್ಬೆರಳಿನಿಂದ ಸವರಿ, ನನ್ನ ಕೈಗೇ ಕೊಟ್ಟರು.

"ಗಿರಾಕಿಗೆ ಬೇಡ ಅಂತ ಹೇಳ್ತೀನಿ. ಗಾಡಿ ನಿಮ್ಮ ಹತ್ರಾನೇ ಇರ್ಲಿ. ಆದ್ರೆ ಇನ್ಮೇಲೆ ಸ್ಕ್ರೂ ಮುಟ್ಟಕೂಡದು!"

"ಇಲ್ಲ ಅತ್ತಿಗೆ."

ಮೆಕ್ಯಾನಿಕ್ ಹಿಡಿಯನ್ನು ಪೂರ್ತಿ ಮುಚ್ಚಿ, ಲಾಕನ್ನು ಮತ್ತೆ ಕೂರಿಸಲು ಬಗ್ಗಿದ. "ಬನ್ನಿ ಸಾರ್, ನಿಮ್ಮ ಕೆಲಸ ನೀವು ಮಾಡಿ. 'ನನ್ನ ಗೆಳೆಯ ಟಾರ್ಚ್ ಹಿಡಿದ್ರೆ ಕಂಬ ನೆಟ್ಟ ಹಾಗೆ' ಅಂತಿದ್ರು ಅವ್ರು."

ಹೆಮ್ಮೆಯಿಂದ ಟಾರ್ಚ್ ಹಿಡಿದೆ. ಯಾಕೋ ಬೆಳಕು ಹ್ಯಾಂಡಲ್ ಬಿಟ್ಟು ಟ್ಯಾಂಕಿನ ಮೇಲೆ, ಟ್ಯಾಂಕ್ ಬಿಟ್ಟು ಗೋಡೆಯ ಮೇಲೆ ಕುಣಿಯತೊಡಗಿತು. ಕಣ್ಣಿಗೂ ಏನೂ ಸರಿಯಾಗಿ ಕಾಣುತ್ತಿರಲಿಲ್ಲ.

ಹೆಂಡತಿ ಬಂದು ಟಾರ್ಚನ್ನು ಮೆಲ್ಲಗೆ ಕಿತ್ತುಕೊಂಡಳು. "ಮೂವತ್ತು ವರ್ಷ ಮಾಡಿದ್ದು ಇದೊಂದೇ ಕೆಲಸ," ಎಂದಳು, ತನ್ನ ಸೆರಗನ್ನು ನನ್ನತ್ತ ಚಾಚುತ್ತಾ. "ಇದೂ ಬರಲ್ಲ ನೋಡಿ ಅಕ್ಕಾ ಇವ್ರಿಗೆ!"